ಹೊಂದಿಕೊಳ್ಳುತ್ತವೆ ಬಿಡಿ

ನಮ್ಮ ಮನೆಯ ಹಜಾರದಲ್ಲಿ ಎರಡು ಅಡಿ ಉದ್ದದ ಒಂದು ಮೀನಿನ ತೊಟ್ಟಿ ಇದೆ. ಅರಿಶಿನ ಕುಂಕುಮಕ್ಕೆ ಬಂದ ಹೆಂಗಸರು, ಲೆಕ್ಕ ಕೇಳಲು ಬರುವ ನೆರೆಮನೆಯ ಮಕ್ಕಳು, ಕರೆಂಟಿನ ಮೀಟರ್ ನೋಡಲು ಬರುವ ಹುಡುಗ, ಎಲ್ಲರೂ ಅದರ ಮುಂದೆ ಒಂದು ನಿಮಿಷ ನಿಂತೇ ಹೋಗುವುದು. ನಿಂತವರಲ್ಲಿ ಯಾರಾದರೊಬ್ಬರು ಈ ಮಾತು ಹೇಳದೆ ಇರುವುದಿಲ್ಲ: "ಎಷ್ಟು ಚೆನ್ನಾಗಿ ಹೊಂದಿಕೊಂಡಿವೆ ನೋಡಿ ಮೇಡಂ! ಮನುಷ್ಯರೇ ಇವನ್ನ ನೋಡಿ ಕಲೀಬೇಕು."

ನಾನು ನಕ್ಕು ಕಾಫಿ ತರಲು ಒಳಗೆ ಹೋಗುತ್ತೇನೆ. ಆ ತೊಟ್ಟಿಯಲ್ಲಿ ಮೊದಲ ತಿಂಗಳು ನಡೆದದ್ದನ್ನೆಲ್ಲ ಹೇಳುತ್ತಾ ಕೂತರೆ ಅವರ ಕಾಫಿ ಆರಿ ಹೋದೀತು. ಆದರೆ 'ಹೊಂದಿಕೊಳ್ಳುವುದು' ಎಂಬ ಆ ಒಂದು ಮಾತು ಕೆಲವು ವರ್ಷಗಳಿಂದ ನನ್ನನ್ನು ಬಿಡದೆ ಕಾಡುತ್ತಿದೆ. ಅದು ನಿಜವಾಗಿ ಒಳ್ಳೆಯ ಗುಣವೇ? ಒಳ್ಳೆಯ ಗುಣವಾದರೆ, ಅದನ್ನು ನಾವು ಯಾವಾಗಲೂ ಒಬ್ಬರಿಂದ ಮಾತ್ರ ಏಕೆ ಕೇಳುತ್ತೇವೆ? ಜೀವಗಳನ್ನು ಒಟ್ಟಿಗೆ ತಂದು ಹಾಕಿದವರಿಗೆ ಆ ವಿಷಯದಲ್ಲಿ ಯಾವ ಹೊಣೆಯೂ ಇಲ್ಲವೇ? ಮೂವತ್ತು ವರ್ಷ ಸಮಾಜ ವಿಜ್ಞಾನ ಪಾಠ ಮಾಡಿದ ನನಗೆ ಈ ಪ್ರಶ್ನೆ ಹುಟ್ಟಿದ್ದು ಪುಸ್ತಕದಿಂದಲ್ಲ, ಮೀನಿನಿಂದ ಎಂದರೆ ನಿಮಗೆ ನಗು ಬಂದೀತು.

ತೊಟ್ಟಿ ನಮ್ಮ ಮನೆಗೆ ಬಂದದ್ದು 2019ರಲ್ಲಿ. ಆ ವರ್ಷ ನನ್ನ ತಂಗಿಯ ಮಗಳು ತನ್ನ ಐದು ವರ್ಷದ ಮಗನನ್ನು ಕರೆದುಕೊಂಡು ಅರಸೀಕೆರೆಯ ನಮ್ಮ ಮನೆಗೆ ಬಂದಿದ್ದಳು. ತಂಗಿ ತೀರಿಕೊಂಡ ಮೇಲೆ ಅವಳಿಗೆ ತವರು ಎಂದರೆ ನಾವೇ. ಮಗು ಮಾತು ಕಡಿಮೆ. ಯಾರಾದರೂ ಸ್ವಲ್ಪ ಗಟ್ಟಿಯಾಗಿ ಬಾಗಿಲು ಹಾಕಿದರೆ ಬೆಚ್ಚಿ ಬೀಳುತ್ತಿತ್ತು. ಅದರ ಮುಖದಲ್ಲಿ ನಗು ಕಾಣಬೇಕೆಂದು ನಾನು ಒಂದು ಭಾನುವಾರ ಹಾಸನಕ್ಕೆ ಹೋಗಿ ಅಕ್ವೇರಿಯಂ ಕೊಂಡು ತಂದೆ. ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರ. ಸುಮಾರು ಐವತ್ತೈದು ಲೀಟರ್ ನೀರು ಹಿಡಿಯುವಂಥದ್ದು.

ಮೀನನ್ನು ಆರಿಸಿದ್ದು ಹೇಗೆ ಗೊತ್ತೇ? ಸೀರೆ ಅಂಗಡಿಯಲ್ಲಿ ಸೀರೆ ಆರಿಸುವ ಹಾಗೆ. ಇದರ ಬಣ್ಣ ಚೆನ್ನ, ಅದರ ಅಂಚು ಚೆನ್ನ. ಉದ್ದನೆಯ ರೆಕ್ಕೆ ಇಳಿಬಿಟ್ಟು ರಾಣಿಯ ಹಾಗೆ ತೇಲುವ ಏಂಜೆಲ್ ಎರಡು. ಹಳದಿ ಮೈಯ ಮೇಲೆ ನಾಲ್ಕು ಕಪ್ಪು ಪಟ್ಟೆಯ ಟೈಗರ್ ಬಾರ್ಬ್ ಮೂರು. ಗೋಲ್ಡ್‌ಫಿಶ್ ಎರಡು, ಏಕೆಂದರೆ ಅದಿಲ್ಲದೆ ಅಕ್ವೇರಿಯಂ ಎಂದರೆ ಯಾರೂ ಒಪ್ಪುವುದಿಲ್ಲ. ನೀಲಿ ಗೆರೆ ಮಿನುಗುವ ಪುಟಾಣಿ ನಿಯಾನ್ ಟೆಟ್ರಾ ನಾಲ್ಕು. ಒಂದು ಜೊತೆ ಗಪ್ಪಿ. ಗಾಜು ನೆಕ್ಕಿ ಸ್ವಚ್ಛ ಮಾಡುತ್ತದೆಂದು ಒಂದು ಸಕ್ಕರ್ ಮೀನು. "ಇಷ್ಟು ಬಗೆ ಒಟ್ಟಿಗೆ ಇರುತ್ತವೆಯೇ?" ಎಂದು ಕೇಳದೆ ಇರಲಿಲ್ಲ ನಾನು. ಅಂಗಡಿಯಾತ ಪ್ಲಾಸ್ಟಿಕ್ ಚೀಲಕ್ಕೆ ರಬ್ಬರ್ ಬ್ಯಾಂಡ್ ಸುತ್ತುತ್ತಾ ತಲೆ ಎತ್ತದೆ ಹೇಳಿದ: "ನಾಲ್ಕು ದಿನ ಹಾಗೇ ಆಡ್ತವೆ ಮೇಡಂ. ಆಮೇಲೆ ಹೊಂದ್ಕೊಳ್ತವೆ ಬಿಡಿ."

ಆ ನಾಲ್ಕು ದಿನದಲ್ಲಿ ನಿಯಾನ್ ಟೆಟ್ರಾಗಳು ಒಂದೊಂದಾಗಿ ಸತ್ತು ತೇಲಿದವು. ಗೋಲ್ಡ್‌ಫಿಶ್‌ಗಳು ನೀರಿನ ಮೇಲ್ಮೈಗೆ ಬಂದು ಬಾಯಿ ಬಾಯಿ ಬಿಡತೊಡಗಿದವು. ಟೈಗರ್ ಬಾರ್ಬ್‌ಗಳು ಮಾತ್ರ ಬಹಳ ಚುರುಕಾಗಿದ್ದವು. ಏಂಜೆಲ್‌ನ ನೂಲಿನಂಥ ರೆಕ್ಕೆಗಳನ್ನು ಹಿಂದಿನಿಂದ ಬಂದು ಕಚ್ಚಿ ಎಳೆಯುವುದು, ಓಡುವುದು, ಮತ್ತೆ ಬರುವುದು. ಗಪ್ಪಿ ಗಂಡಿನ ಬೀಸಣಿಗೆಯಂಥ ಬಾಲ ಎರಡನೆಯ ವಾರಕ್ಕೆ ಹರಿದ ಬಟ್ಟೆಯಾಗಿತ್ತು. ಒಂದು ಏಂಜೆಲ್ ಸತ್ತಿತು. ಉಳಿದದ್ದು ಫಿಲ್ಟರಿನ ಹಿಂದಿನ ಮೂಲೆಯಲ್ಲಿ ಅಲುಗಾಡದೆ ನಿಂತುಬಿಟ್ಟಿತು. ಊಟ ಹಾಕಿದರೂ ಮುಂದೆ ಬರುತ್ತಿರಲಿಲ್ಲ. ನಾನು ಮಗುವಿಗೆ ಸಮಾಧಾನ ಹೇಳಿದೆ: "ಆ ಪಟ್ಟೆ ಮೀನು ಕೆಟ್ಟದ್ದು ಪುಟ್ಟ." ಅವನು ಗಾಜಿಗೆ ಮೂಗು ಒತ್ತಿ ನೋಡುತ್ತಾ ಕೇಳಿದ: "ಅದು ಕಚ್ಚುತ್ತೆ ಅಂತ ಅಂಗಡಿ ಮಾಮನಿಗೆ ಗೊತ್ತಿರಲಿಲ್ವಾ ಅಜ್ಜಿ?"

ಗೊತ್ತಿತ್ತು, ಗೊತ್ತಿಲ್ಲದೆ ಏನು? ಮೀನು ಮಾರಿ ಹೊಟ್ಟೆ ಹೊರೆಯುವವನಿಗೆ ಅಷ್ಟೂ ತಿಳಿದಿರುವುದಿಲ್ಲವೇ? ಆದರೆ ನಾನು ಕೇಳಿದ್ದು ಒಂದೇ ಸಲ. ಅವನು ಹೇಳಿದ್ದು ನನಗೆ ಬೇಕಾದ ಉತ್ತರವಾಗಿತ್ತು, ಹಾಗಾಗಿ ಎರಡನೆಯ ಸಲ ಕೇಳಲಿಲ್ಲ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ ಓದಿದವನು. ಫೋನ್ ಮಾಡಿದೆ. ಮುಂದಿನ ವಾರ ಊರಿಗೆ ಬಂದವನು ತೊಟ್ಟಿಯ ಮುಂದೆ ಕೂತು, ಒಂದು ಕಾಲದಲ್ಲಿ ನಾನು ಅವನಿಗೆ ಪಾಠ ಹೇಳಿದಷ್ಟೇ ತಾಳ್ಮೆಯಿಂದ ನನಗೆ ಪಾಠ ಹೇಳಿದ. ಒಟ್ಟಿಗೆ ಬಾಳಲಾಗದಿರುವುದರಲ್ಲಿ ಮೂರು ಬಗೆ ಇದೆಯಂತೆ. ನೀರಿನದು ಒಂದು, ನಡತೆಯದು ಒಂದು, ಬಾಯಿಯದು ಒಂದು.

ಮೊದಲು ನೀರು. ನಿಯಾನ್ ಟೆಟ್ರಾದ ಮೂಲ ದಕ್ಷಿಣ ಅಮೆರಿಕದ ಅಮೆಜಾನ್ ಸೀಮೆ. ಕೊಳೆತ ಎಲೆಯ ಬಣ್ಣ ಹತ್ತಿದ ಮೆದು ನೀರು ಅದರದು. ನಮ್ಮದು ಬೋರ್‌ವೆಲ್ಲಿನ ಗಡಸು ನೀರು; ಕಾಯಿಸಿದರೆ ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುತ್ತದೆ. ಗಪ್ಪಿ, ಮಾಲಿ, ಪ್ಲಾಟಿಗಳಿಗೆ ಈ ಗಡಸು ನೀರೇ ಹಿತ. ಗೋಲ್ಡ್‌ಫಿಶ್‌ಗೆ ತಂಪು ಬೇಕು, ಹದಿನೆಂಟರಿಂದ ಇಪ್ಪತ್ತೆರಡು ಡಿಗ್ರಿ. ಏಂಜೆಲ್‌ಗೆ ಇಪ್ಪತ್ತೈದರ ಮೇಲೆ. ಸಾಲದ್ದಕ್ಕೆ ಹೊಸ ತೊಟ್ಟಿ. ಮೀನಿನ ಹೊಲಸಿನಿಂದ ಅಮೋನಿಯ ಹುಟ್ಟುತ್ತದೆ. ಅದನ್ನು ಮೊದಲು ನೈಟ್ರೈಟ್ ಆಗಿ, ಆಮೇಲೆ ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಆಗಿ ಬದಲಿಸುವ ಸೂಕ್ಷ್ಮಜೀವಿಗಳು ಜಲ್ಲಿಯಲ್ಲೂ ಫಿಲ್ಟರಿನಲ್ಲೂ ಬೇರೂರಲು ನಾಲ್ಕರಿಂದ ಆರು ವಾರ ಬೇಕು. ನಾನೋ ಕಲ್ಲು ತೊಳೆದು ನೀರು ತುಂಬಿ ಅಂದೇ ಹದಿನಾಲ್ಕು ಜೀವ ಬಿಟ್ಟಿದ್ದೆ. ಮನೆ ಕಟ್ಟಿ ಗೋಡೆ ಆರುವ ಮುಂಚೆ ಒಕ್ಕಲು ಕರೆದ ಹಾಗೆ.

ಎರಡನೆಯದು ನಡತೆ. ನನಗೆ ಬಹಳ ಆಶ್ಚರ್ಯವಾದದ್ದು ಇಲ್ಲಿ. ಟೈಗರ್ ಬಾರ್ಬ್ ಗುಂಪಿನ ಮೀನು. ಆರೆಂಟು ಇದ್ದರೆ ತಮ್ಮ ತಮ್ಮಲ್ಲೇ ಅಟ್ಟಾಡಿಸಿಕೊಂಡು, ಯಾರು ಮೇಲು ಯಾರು ಕೆಳಗು ಎಂದು ತೀರ್ಮಾನ ಮಾಡಿಕೊಂಡು, ಬೇರೆಯವರ ತಂಟೆಗೆ ಬರುವುದು ಕಡಿಮೆಯಾಗುತ್ತದೆ. ಎರಡು ಮೂರು ಮಾತ್ರ ಇದ್ದರೆ ಆ ಚಟವೆಲ್ಲ ಪಕ್ಕದ ಮೆತ್ತಗಿನ ಮೀನಿನ ಮೇಲೆ ತೀರುತ್ತದೆ. ಇನ್ನು ಮೀನಿನ ಬಾಯಿಯನ್ನು ನೋಡಿದರೇ ಅದರ ಜಾಗ ತಿಳಿಯುತ್ತದಂತೆ. ಬಾಯಿ ಮೇಲ್ಮುಖವಾದದ್ದು ಮೇಲೆ ತಿನ್ನುವುದು, ನೇರವಾದದ್ದು ನಡುನೀರಿನದು, ಕೆಳಮುಖವಾದದ್ದು ತಳದ್ದು. ಮೂರು ಅಂತಸ್ತಿನ ಮನೆಗೆ ಮೂರು ಸಂಸಾರ ಆರಿಸಿದರೆ ಅರ್ಧ ಜಗಳ ಕಡಿಮೆ. ಒಂದರ ಕಣ್ಣಿಗೆ ಒಂದು ಬೀಳದಂತೆ ಗಿಡ, ಮಡಕೆ ಚೂರು ಇಟ್ಟರೆ ಇನ್ನಷ್ಟು ಕಡಿಮೆ.

ಮುಂದೆ ಅವನು ಹೇಳಿದ್ದು ನನ್ನ ಮನಸ್ಸಿನಲ್ಲಿ ಅಚ್ಚೊತ್ತಿ ನಿಂತಿದೆ. "ಹಳೇ ಮೀನಿರೋ ತೊಟ್ಟಿಗೆ ಹೊಸ ಮೀನು ಬಿಡೋ ಮುಂಚೆ ಒಳಗಿನ ಕಲ್ಲನ್ನೆಲ್ಲ ಸರಿಸಿ ಜಾಗ ಬದಲಾಯಿಸಿಬಿಡಿ ಮೇಡಂ. ಇಲ್ಲದಿದ್ರೆ ಹಳೇದಕ್ಕೆ ಇದು ನನ್ನ ಮೂಲೆ, ಅದು ನನ್ನ ಬಿಲ ಅಂತ ಹಕ್ಕಿರುತ್ತೆ. ಹೊಸದಕ್ಕೆ ಎಲ್ಲಿ ನಿಂತ್ರೂ ತಪ್ಪೇ. ಕಲ್ಲು ಸರಿಸಿದ್ರೆ ಹಳೇದಕ್ಕೂ ಅದು ಹೊಸ ಮನೆ ಆಗುತ್ತೆ. ಇಬ್ರೂ ಒಟ್ಟಿಗೆ ಶುರು ಮಾಡ್ತಾರೆ."

ಮೂರನೆಯದು ಬಾಯಿ. ಅದಕ್ಕೆ ಉಪಾಯವೇ ಇಲ್ಲ. ಒಂದರ ಬಾಯಲ್ಲಿ ಇನ್ನೊಂದು ಹಿಡಿಸುವುದಾದರೆ ಇವತ್ತಲ್ಲ ನಾಳೆ ಅದು ಬಾಯಿಗೆ ಹೋಗಿಯೇ ಹೋಗುತ್ತದೆ. ಚಿಕ್ಕದಿರುವಾಗ ನಿಯಾನ್ ಟೆಟ್ರಾದ ಜೊತೆ ಸಾಧುವಾಗಿ ಆಡುವ ಏಂಜೆಲ್, ಬೆಳೆದ ಮೇಲೆ ಒಂದು ರಾತ್ರಿ ಅದನ್ನು ನುಂಗುತ್ತದೆ. ಒಂದು ಅಡಿ ಬೆಳೆಯುವ ಆಸ್ಕರ್‌ನ ಕಥೆಯಂತೂ ಕೇಳುವುದೇ ಬೇಡ. ಇಲ್ಲಿ ಗಿಡ ನೆಟ್ಟರೂ ಕಲ್ಲು ಸರಿಸಿದರೂ ಊಟ ಹೆಚ್ಚು ಹಾಕಿದರೂ ಪ್ರಯೋಜನವಿಲ್ಲ. ಬೇರೆ ಮಾಡಬೇಕು, ಅಷ್ಟೇ. "ಬೇರೆ ಮಾಡೋದು ಸೋಲಲ್ಲ ಮೇಡಂ, ತಡ ಮಾಡೋದು ಸೋಲು" ಎಂದ ನನ್ನ ಶಿಷ್ಯ.

ಅವನು ಹೋದ ಮೇಲೆ ನಾನು ಬಹಳ ಹೊತ್ತು ತೊಟ್ಟಿಯ ಮುಂದೆಯೇ ಕೂತಿದ್ದೆ. ಮೂಲೆಯಲ್ಲಿ ನಿಂತಿದ್ದ ಏಂಜೆಲ್ ಕಾಣುತ್ತಿತ್ತು. ಅಡಿಗೆ ಮನೆಯಲ್ಲಿ ತಂಗಿಯ ಮಗಳು ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು. "ನಾಲ್ಕು ದಿನ ಹಾಗೇ ಇರುತ್ತೆ, ಆಮೇಲೆ ಹೊಂದಿಕೊಳ್ಳುತ್ತೆ." ಈ ಮಾತನ್ನು ಅಂಗಡಿಯಾತನಿಗಿಂತ ಮೊದಲು ಹೇಳಿದವಳು ನಾನು. ಒಂದು ಸಲವಲ್ಲ, ಮೂರು ಸಲ.

ಅವಳ ಮದುವೆ ನಡೆದದ್ದು 2013ರಲ್ಲಿ, ನಾನೇ ನಿಂತು ಮಾಡಿಸಿದ್ದು. ಜಾತಕದಲ್ಲಿ ಮೂವತ್ತಾರಕ್ಕೆ ಇಪ್ಪತ್ತಾರು ಗುಣ ಕೂಡಿತ್ತು. ಹುಡುಗನಿಗೆ ಕೆಲಸವಿತ್ತು, ಸ್ವಂತ ಮನೆಯಿತ್ತು, ನೋಡಲು ಲಕ್ಷಣವಾಗಿದ್ದ. ಅವನ ಕೋಪ ಎಂಥದ್ದು ಎಂದು ನಾವು ಯಾರನ್ನೂ ಕೇಳಲಿಲ್ಲ. ಒಂದು ವರ್ಷ ತುಂಬುವುದರೊಳಗೆ ಮೊದಲ ಸಲ ಬಂದಳು. ಮೊಣಕೈ ಮೇಲೆ ಕಪ್ಪಾದ ಗುರುತು. "ಬಾಗಿಲ ಚಿಲಕ ತಾಗಿತು ದೊಡ್ಡಮ್ಮ" ಎಂದಳು. ನನಗೆ ಗೊತ್ತಾಯಿತು. ಗೊತ್ತಾಗಲಿಲ್ಲ ಎಂದು ನಾನು ಇವತ್ತಿಗೂ ಹೇಳಲಾರೆ. ಆದರೂ ಎಣ್ಣೆ ನೀರು ಹಾಕಿ, ಹೋಳಿಗೆ ಮಾಡಿ ಬಡಿಸಿ, "ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ" ಎಂದು ಗಾದೆ ಹೇಳಿ ಬಸ್ಸು ಹತ್ತಿಸಿದೆ. ಎರಡನೆಯ ಸಲ ಬಂದಾಗ ಮಗು ಕಂಕುಳಲ್ಲಿತ್ತು. "ಮಗುವಿನ ಮುಖ ನೋಡಿ ಹೊಂದಿಕೊಂಡು ಹೋಗು" ಎಂದೆ. ಮೂರನೆಯ ಸಲ ಅವಳು ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ನಾಲ್ಕನೆಯ ಸಲ ಬಂದವಳು ಚೀಲ ಕೆಳಗಿಟ್ಟು, "ಇನ್ನು ಕಳಿಸಬೇಡಿ ದೊಡ್ಡಮ್ಮ" ಎಂದಳು. ಅದು 2019.

ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರಿಗೆ ರಕ್ಷಣೆ ಕೊಡುವ 2005ರ ಕಾಯ್ದೆಯನ್ನು ನಾನು ಮಕ್ಕಳಿಗೆ ವರ್ಷ ವರ್ಷವೂ ಹೇಳುತ್ತಾ ಬಂದವಳು. ಹೊಡೆಯುವುದಷ್ಟೇ ಅಲ್ಲ, ಹೀಯಾಳಿಸುವುದೂ ದೌರ್ಜನ್ಯವೇ, ಹೆಂಡತಿಗೆ ಆ ಮನೆಯಲ್ಲಿ ವಾಸದ ಹಕ್ಕಿದೆ ಎಂದು ಕಪ್ಪು ಹಲಗೆಯ ಮೇಲೆ ಬರೆದದ್ದು ಈ ಕೈಯೇ. ಮನೆಯ ಬಾಗಿಲಿಗೆ ಅದೇ ವಿಷಯ ಬಂದು ನಿಂತಾಗ ನನಗೆ ನೆನಪಾದದ್ದು ಕಾಯ್ದೆಯಲ್ಲ, ಗಾದೆ.

ಇದನ್ನೆಲ್ಲ ನಮ್ಮ ಯಜಮಾನರ ಹತ್ತಿರ ಒಂದು ರಾತ್ರಿ ಹೇಳಿಕೊಂಡೆ. ಅವರು ನಿಧಾನವಾಗಿ ಯೋಚಿಸುವವರು. "ಮೀನೂ ಮನುಷ್ಯರೂ ಒಂದೇ ಏನೇ? ಮೀನಿಗೆ ಬುದ್ಧಿ ಇಲ್ಲ, ಬದಲಾಗಕ್ಕಾಗಲ್ಲ. ಮನುಷ್ಯ ಬದಲಾಗ್ತಾನೆ. ನಾನೂ ನೀನೂ ಬದಲಾಗಿಲ್ವಾ?" ಎಂದರು. ನಿಜ. ಬಂದ ಹೊಸತರಲ್ಲಿ ನನಗೆ ಈ ಮನೆಯ ಸಾರಿನ ಹುಳಿ ಸೇರುತ್ತಿರಲಿಲ್ಲ, ಅವರಿಗೆ ನಾನು ಮಲಗುವ ಮುಂಚೆ ದೀಪ ಹಾಕಿಕೊಂಡು ಓದುವುದು ಸೇರುತ್ತಿರಲಿಲ್ಲ. ಇಬ್ಬರೂ ಬದಲಾದೆವು. ಮನುಷ್ಯರ ಹಿರಿಮೆಯೇ ಅದು. ಹೊಂದಿಕೊಳ್ಳುವುದೇ ತಪ್ಪು ಎಂದು ಹೇಳಲು ನನ್ನಿಂದಾಗದು. ಹಾಗೆ ಹೇಳಿದರೆ ಒಂದು ಮನೆಯೂ ನಿಲ್ಲದು, ನಮ್ಮ ಶಾಲೆಯ ಸ್ಟಾಫ್ ರೂಮೂ ನಿಲ್ಲದು.

ಆದರೆ ಅವರ ಮಾತನ್ನೇ ತಿರುಗಿಸಿ ತಿರುಗಿಸಿ ನೋಡಿದಾಗ ನಾನು ಮಾಡಿದ ಮೋಸ ನನಗೆ ಕಂಡಿತು. ಅವನ ವಿಷಯ ಬಂದಾಗ ನಾನು ಏನು ಹೇಳಿದ್ದೆ? "ಅವನ ಸ್ವಭಾವವೇ ಹಾಗೆ, ಹುಟ್ಟುಗುಣ, ನೀನೇ ಸ್ವಲ್ಪ ಅರ್ಥ ಮಾಡಿಕೋ." ಅವಳ ವಿಷಯ ಬಂದಾಗ? "ನೀನು ಓದಿದವಳು, ಬುದ್ಧಿ ಇರುವವಳು, ಬದಲಾಗು." ಅಂದರೆ ನಾನು ಅವನನ್ನು ಮೀನಿನ ಲೆಕ್ಕಕ್ಕೆ ಹಿಡಿದೆ, ಅವಳನ್ನು ಮನುಷ್ಯರ ಲೆಕ್ಕಕ್ಕೆ ಹಿಡಿದೆ. ಅವನಿಗೆ ಮೀನಿನ ಮುಗ್ಧತೆಯನ್ನು ಕೊಟ್ಟೆ, ಅವಳಿಗೆ ಮನುಷ್ಯರ ಹೊಣೆಯನ್ನೆಲ್ಲ ಹೊರಿಸಿದೆ. ಇದು ನನ್ನೊಬ್ಬಳ ತಪ್ಪು ಎಂದು ನಾನು ಭಾವಿಸುವುದಿಲ್ಲ. ನಿಮ್ಮ ಬೀದಿಯಲ್ಲೂ, ನಿಮ್ಮ ಬಂಧುಗಳಲ್ಲೂ ಈ ಎರಡು ಲೆಕ್ಕ ನಡೆಯುತ್ತಿರುವುದನ್ನು ನೀವು ಕೇಳಿಯೇ ಇರುತ್ತೀರಿ.

ಟೈಗರ್ ಬಾರ್ಬ್ ಕಚ್ಚಿದರೆ ಅದಕ್ಕೆ ಪಾಪವಿಲ್ಲ. ತಾನು ಕಚ್ಚುತ್ತಿದ್ದೇನೆ, ಇನ್ನೊಂದಕ್ಕೆ ನೋಯುತ್ತಿದೆ ಎಂದು ನಿಂತು ಯೋಚಿಸುವ ಶಕ್ತಿ ಅದಕ್ಕಿಲ್ಲ. ಅಲ್ಲಿ ಪಾಪವೆಲ್ಲ ತಂದು ಹಾಕಿದವರದು. ಮನುಷ್ಯರಲ್ಲಿ ಹಾಗಲ್ಲ. ಕೈ ಎತ್ತಿದವನಿಗೆ ತನ್ನ ಕೈ ಏನು ಮಾಡುತ್ತಿದೆ ಎಂದು ಗೊತ್ತು; ಅವನ ಹೊಣೆ ಅವನದೇ. ಆದರೆ ಅವನ ಹೊಣೆ ಅವನದಾದ ಮಾತ್ರಕ್ಕೆ ನನ್ನದು ಇಲ್ಲವಾಗುವುದಿಲ್ಲ. ತಂದು ಹಾಕಿದವಳು, ಗುರುತು ಕಂಡವಳು, ಮತ್ತೆ ಬಸ್ಸು ಹತ್ತಿಸಿದವಳು ನಾನು.

ಹೊಂದಿಕೊಳ್ಳಿ ಎಂದು ಹೇಳುವ ಮೊದಲು, ಇದು ಆ ಮೂರರಲ್ಲಿ ಯಾವುದು ಎಂದು ನೋಡಬೇಕಿತ್ತು. ನೀರಿನ ವ್ಯತ್ಯಾಸಕ್ಕೆ ನಿಧಾನ ಬೇಕು. ಹೊಸ ಮೀನನ್ನು ಚೀಲದ ಸಮೇತ ಹದಿನೈದಿಪ್ಪತ್ತು ನಿಮಿಷ ತೇಲಿಬಿಟ್ಟು, ಸ್ವಲ್ಪ ಸ್ವಲ್ಪ ಹೊಸ ನೀರು ಸೇರಿಸುತ್ತಾ ಬಿಡುವುದಿಲ್ಲವೇ, ಹಾಗೆ. ಊಟ, ಮಾತಿನ ಧಾಟಿ, ಏಳುವ ಹೊತ್ತು ಎಲ್ಲ ಈ ಜಾತಿಯವು. ಅದಕ್ಕೂ ಒಂದು ಮಿತಿಯುಂಟು. ನಿಯಾನ್ ಟೆಟ್ರಾವನ್ನು ಎಷ್ಟು ನಿಧಾನವಾಗಿ ಬಿಟ್ಟರೂ ನಮ್ಮ ನೀರು ಅದರ ನೀರಾಗದು. ನಡತೆಯ ವ್ಯತ್ಯಾಸಕ್ಕೆ ಜಾಗ ಬೇಕು, ಮರೆ ಬೇಕು, ಹಳಬರೂ ತಮ್ಮ ಕಲ್ಲು ಬಿಟ್ಟು ಸರಿಯಬೇಕು. ಬಾಯಿಯ ಮುಂದೆ ಇದಾವುದೂ ನಡೆಯದು. ನಾನು ಬಾಯಿಯ ಮುಂದೆ ಮಗುವನ್ನು ನಿಲ್ಲಿಸಿ, ಚೀಲ ತೇಲಿಬಿಟ್ಟು ಕಾಯುತ್ತಾ ಕೂತಿದ್ದೆ.

ಶಾಲೆಯ ಗ್ರಂಥಾಲಯದ ಒಂದು ಹಳೆಯ ಪುಸ್ತಕದಲ್ಲಿ ರಾಬರ್ಟ್ ವಾರಿಂಗ್ಟನ್ ಎಂಬ ಲಂಡನ್ನಿನ ರಸಾಯನಶಾಸ್ತ್ರಜ್ಞನ ಪ್ರಯೋಗದ ವಿಷಯ ಓದಿದೆ. 1850ರಲ್ಲಿ ಪ್ರಕಟವಾದದ್ದು. ಗಾಜಿನ ಪಾತ್ರೆಯಲ್ಲಿ ಎರಡು ಗೋಲ್ಡ್‌ಫಿಶ್, ಜೊತೆಗೆ ವ್ಯಾಲಿಸ್ನೇರಿಯಾ ಎಂಬ ಉದ್ದ ಎಲೆಯ ನೀರುಗಿಡ ಇಟ್ಟನಂತೆ. ಗಿಡ ಮೀನಿಗೆ ಉಸಿರು ಕೊಟ್ಟಿತು, ಆದರೆ ಅದರ ಹಳೆಯ ಎಲೆ ಕೊಳೆತು ನೀರು ಕೆಡತೊಡಗಿತು. ಆಗ ಅವನು ಕೆಲವು ಬಸವನಹುಳುಗಳನ್ನು ತಂದು ಬಿಟ್ಟ. ಅವು ಕೊಳೆತದ್ದನ್ನು ತಿಂದು ನೀರನ್ನು ತಿಳಿಯಾಗಿಟ್ಟವು. ಇದನ್ನು ಓದಿದಾಗ ನನಗೆ ಅನ್ನಿಸಿದ್ದು, ಇಬ್ಬರ ಬಾಳು ಇಬ್ಬರಿಂದಲೇ ನಡೆಯುವುದಿಲ್ಲ ಎಂದು. ಕೊಳೆತದ್ದು ಕಂಡಾಗ ಮುಖ ತಿರುಗಿಸದ ಮೂರನೆಯವರೊಬ್ಬರು ಬೇಕು. "ಗಂಡ ಹೆಂಡಿರ ಮಧ್ಯೆ ನಾವೇಕೆ ತಲೆ ಹಾಕಬೇಕು" ಎಂದು ನಾವು ದೊಡ್ಡವರು ದೂರ ನಿಂತಾಗ ಆ ಕೆಲಸ ಮಾಡುವವರು ಯಾರು?

ತೊಟ್ಟಿಯ ಕಥೆಗೆ ಬರುತ್ತೇನೆ. ಏಂಜೆಲನ್ನು ಒಂದು ಬಕೆಟ್ಟಿಗೆ ಬೇರೆ ಮಾಡಿದೆ. ದಿನ ಬಿಟ್ಟು ದಿನ ನೀರು ಬದಲಿಸುತ್ತಾ ಬಂದೆ. ಬುಡ ಉಳಿದಿದ್ದರಿಂದ ಹರಿದ ರೆಕ್ಕೆ ಕೆಲವು ವಾರಗಳಲ್ಲಿ ಮತ್ತೆ ಚಿಗುರಿತು. ಆಮೇಲೆ ಅದು ನನ್ನ ಶಿಷ್ಯನ ದೊಡ್ಡ ತೊಟ್ಟಿಗೆ ಹೋಯಿತು. ಗೋಲ್ಡ್‌ಫಿಶ್ ಜೋಡಿ ನೆಂಟರ ಮನೆಯ ಸಿಮೆಂಟ್ ತೊಟ್ಟಿ ಸೇರಿತು. ಟೈಗರ್ ಬಾರ್ಬ್‌ಗಳನ್ನೂ ಸಕ್ಕರ್‌ನ್ನೂ ಊರ ಕೆರೆಗೆ ಬಿಟ್ಟುಬಿಡೋಣ ಎಂದು ಯಾರೋ ಹೇಳಿದರು. ಹಾಗೆ ಬಿಟ್ಟವರ ದೆಸೆಯಿಂದಲೇ ಸಕ್ಕರ್ ಜಾತಿಯ ಮೀನುಗಳು ದಕ್ಷಿಣ ಭಾರತದ ಎಷ್ಟೋ ಕೆರೆ ಹೊಳೆಗಳಲ್ಲಿ ತುಂಬಿಕೊಂಡು, ಬಲೆ ಹರಿದು, ಮೀನುಗಾರರ ಹೊಟ್ಟೆಯ ಮೇಲೆ ಹೊಡೆದಿವೆಯಂತೆ. ನಮ್ಮ ಮನೆಯ ತೊಂದರೆಯನ್ನು ಕೆರೆಗೆ ದಾಟಿಸುವುದು ಪರಿಹಾರವಲ್ಲ. ಅವೂ ಶಿಷ್ಯನ ಪಾಲಿಗೇ ಹೋದವು. ಬಾರ್ಬ್‌ಗಳಿಗೆ ಈಗ ಅಲ್ಲಿ ಒಂಬತ್ತು ಜನರ ಸಂಸಾರ, ಪುಂಡಾಟವೆಲ್ಲ ಅವರವರಲ್ಲೇ.

ಈಗ ನಮ್ಮ ತೊಟ್ಟಿಯಲ್ಲಿ ನಮ್ಮ ನೀರಿಗೆ ಒಗ್ಗುವ ಮೀನುಗಳಿವೆ. ಮಾಲಿ, ಪ್ಲಾಟಿ, ಎಂಟು ಜೀಬ್ರಾ ಡ್ಯಾನಿಯೊ. ಈ ಜೀಬ್ರಾ ನಮ್ಮ ದೇಶದ್ದೇ ಮೀನು. ಪ್ರಪಂಚದ ಪ್ರಯೋಗಾಲಯಗಳಲ್ಲೆಲ್ಲ ವಿಜ್ಞಾನಿಗಳಿಗೆ ಬೇಕಾದದ್ದು. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸುತ್ತೇವೆ. ನೋಡಿದವರು ಹೊಂದಿಕೊಂಡಿವೆ ಎನ್ನುತ್ತಾರೆ. ಆರಿಸಿದ್ದು, ನೀರು ಹದ ಮಾಡಿದ್ದು, ಕೆಲವರನ್ನು ಬೇರೆ ಕಳಿಸಿದ್ದು ಅವರ ಕಣ್ಣಿಗೆ ಕಾಣುವುದಿಲ್ಲ.

ಕಳೆದ ದಸರಾ ರಜೆಯಲ್ಲಿ ಇನ್ನೆರಡು ಪ್ಲಾಟಿ ತಂದೆವು. ಬಿಡುವ ಮೊದಲು ನಾನು ಸೀರೆಯ ಸೆರಗು ಸಿಕ್ಕಿಸಿ, ಮೊಣಕೈವರೆಗೆ ನೀರಿಗೆ ಕೈಯಿಟ್ಟು ಕಲ್ಲು ಸರಿಸುತ್ತಿದ್ದೆ. ತಂಗಿಯ ಮಗಳು ಕೆಲಸದಿಂದ ಆಗತಾನೆ ಬಂದಿದ್ದಳು. ಊರಿನದೇ ಒಂದು ಕಚೇರಿಯಲ್ಲಿ ಅವಳಿಗೆ ಈಗ ಕೆಲಸ. ಪಕ್ಕದಲ್ಲಿ ನಿಂತು ಕೇಳಿದಳು: "ಇಷ್ಟು ಚೆನ್ನಾಗಿ ಜೋಡಿಸಿದ್ದನ್ನ ಯಾಕೆ ಕೆಡಿಸ್ತೀರಿ ದೊಡ್ಡಮ್ಮ?" ಶಿಷ್ಯ ಹೇಳಿದ್ದನ್ನು ಹೇಳಿದೆ. ಹಳಬರ ಹಕ್ಕು, ಹೊಸಬರ ತಪ್ಪು, ಎಲ್ಲವನ್ನೂ.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಮೆಲ್ಲನೆ, "ಆ ಮನೇಲಿ ನನಗೋಸ್ಕರ ಒಂದು ಲೋಟದ ಜಾಗ ಕೂಡ ಯಾರೂ ಬದಲಾಯಿಸಲಿಲ್ಲ" ಎಂದಳು.

"ಈ ಮನೆಯಲ್ಲೂ ಬದಲಾಯಿಸಲಿಲ್ಲ ಕಣಮ್ಮ. ಮೂರು ಸಲ ಬಂದೆ ನೀನು" ಎಂದೆ. ಆರು ವರ್ಷದಿಂದ ಹೇಳಬೇಕೆಂದು ಗಂಟಲವರೆಗೆ ಬಂದು ನಿಲ್ಲುತ್ತಿದ್ದ ಮಾತು. ಕೈ ನೀರಿನಲ್ಲಿದ್ದದ್ದರಿಂದ ಕಣ್ಣೊರೆಸಿಕೊಳ್ಳಲೂ ಆಗಲಿಲ್ಲ.

ಅವಳು ಉತ್ತರ ಕೊಡಲಿಲ್ಲ. ಕ್ಷಮಿಸಿದೆ ಎಂದೂ ಹೇಳಲಿಲ್ಲ. ಹೇಳಲಿ ಎಂದು ನಾನೂ ಕಾಯಲಿಲ್ಲ. ಬಳೆಗಳನ್ನು ಮೇಲಕ್ಕೆ ಸರಿಸಿಕೊಂಡು ಅವಳೂ ನೀರಿಗೆ ಕೈಯಿಟ್ಟಳು. ತಳದಲ್ಲಿದ್ದ ದೊಡ್ಡ ಕಲ್ಲು ನನ್ನೊಬ್ಬಳಿಂದ ಅಲುಗುತ್ತಿರಲಿಲ್ಲ. ಇಬ್ಬರೂ ಸೇರಿ ಅದನ್ನು ಬಲಗಡೆಗೆ ಸರಿಸಿದೆವು.